ಒಬ್ಬರೇ ಇರುವ ಮನೆಗೆ ಮೂರು ಕೀಲಿಕೈ

ಶ್ರಾವಣದ ಒಂದು ಬೆಳಿಗ್ಗೆ. ಒಲೆ ಮೇಲೆ ಹಾಲಿಟ್ಟಿದ್ದೆ. ಕೆಳಗೆ ಕಸದ ಗಾಡಿ ಬಂದ ಸದ್ದಾಯಿತು. ಎರಡೇ ನಿಮಿಷ ಅಂತ ಕಸದ ಬುಟ್ಟಿ ಹಿಡಿದು ಹೊರಗೆ ಬಂದೆ. ಅಡುಗೆಮನೆ ಕಿಟಕಿಯಿಂದ ಗಾಳಿ ನುಗ್ಗಿತು, ಬಾಗಿಲು ದಢಾರ್ ಅಂತ ಬಿತ್ತು. ನಮ್ಮದು ಮುಚ್ಚಿದರೆ ತಾನೇ ಲಾಕ್ ಆಗುವ ಬಾಗಿಲು. ಕೀಲಿಕೈ ಒಳಗೆ, ಫೋನ್ ಒಳಗೆ, ಹಾಲು ಒಲೆ ಮೇಲೆ. ನಾನು ಎರಡನೇ ಮಹಡಿಯಲ್ಲಿ ಬರಿಗಾಲಲ್ಲಿ ನಿಂತಿದ್ದೆ.

ಎದುರು ಮನೆ ಬಾಗಿಲು ಬಡಿದೆ. ಮನೆ ಮಾಡಿ ಎರಡು ತಿಂಗಳಾಗಿತ್ತು, ಆದರೂ ಆ ಕಾಕು ಜೊತೆ ಮುಗುಳ್ನಗೆ ಬಿಟ್ಟರೆ ಮಾತೇ ಆಗಿರಲಿಲ್ಲ. ಅವರು ಹೊರಗೆ ಬಂದು ಎರಡು ಸಲ ಮೂಗು ಏರಿಸಿದರು. ಹಾಲು ಉಕ್ಕಿ ಉರಿ ಆರಿಸಿತ್ತು. ಬಾಗಿಲ ಸಂದಿನಿಂದ ಗ್ಯಾಸ್ ವಾಸನೆ. ಅಷ್ಟರಲ್ಲಿ ವಾಚ್‌ಮನ್ ಹೆಂಡತಿ ಮೆಟ್ಟಿಲು ಹತ್ತಿ ಬಂದು ಬೆಲ್ಲಿಗೆ ಕೈ ಹಾಕಿದ್ದರು. "ಬೆಲ್ ಒತ್ತಬ್ಯಾಡವ್ವಾ, ಗ್ಯಾಸ್ ವಾಸನಿ ಬರಾಕತ್ತೈತಿ! ಕೆಳಗ ಹೋಗಿ ಮೀಟರಿನ ಮೇನ್ ತಗಿ" ಅಂದರು ಕಾಕು. ಆಮೇಲೆ ಕೆಳಗಿನ ಮಹಡಿಗೆ ಇಳಿದು ಅಲ್ಲಿಂದ ಓನರಿಗೆ ಫೋನ್ ಮಾಡಿದರು. ಅವರು ಇನ್ನೊಂದು ಕೀಲಿಕೈ ತಗೊಂಡು ಗಾಡಿ ಮೇಲೆ ಬರುವಷ್ಟರಲ್ಲಿ ಕಾಲು ತಾಸು ಆಯಿತು. ಅಷ್ಟು ಉದ್ದದ ಕಾಲು ತಾಸು ನಾನು ನೋಡಿಲ್ಲ.

ಹಾವೇರಿ ಕಡೆಯಿಂದ ಬಂದು ಹುಬ್ಬಳ್ಳಿಯ ವಿದ್ಯಾನಗರದ ಹತ್ತಿರ ಒಂದು ಬೆಡ್‌ರೂಮಿನ ಮನೆ ಹಿಡಿದು ನನಗೆ ಈಗ ಮೂರು ವರ್ಷ. ನೌಕರಿ ಸಿಕ್ಕಿತು ಅಂತ ಗದಗ, ರೋಣ, ರಾಣೆಬೆನ್ನೂರಿನಿಂದ ಬಂದು ಮೊದಲ ಸಲ ಒಬ್ಬರೇ ಮನೆ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅಡುಗೆ, ಬಿಲ್ಲು, ಕಸ, ಇವೆಲ್ಲ ಒಂದು ತಿಂಗಳಲ್ಲಿ ಬಂದುಬಿಡುತ್ತದೆ. ನೀವು ಮೊದಲು ಮಾಡಿಕೊಳ್ಳಬೇಕಾದ್ದು ಬೇರೆ. ನಿಮ್ಮ ಬಾಗಿಲು ಒಂದು ದಿನ ತೆರೆಯದೇ ಹೋದರೆ ಅದು ಯಾರ ಕಣ್ಣಿಗೆ ಬೀಳುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು.

ಮನೆ ನೋಡುವಾಗ

ಟೈಲ್ಸು, ಬಾಲ್ಕನಿ ಆಮೇಲೆ ನೋಡಿ. ಮೊದಲು ನೀರು ಕೇಳಿ. ಅದನ್ನೂ ಓನರಿಗೆ ಕೇಳಬೇಡಿ, ಬ್ರೋಕರಿಗಂತೂ ಬೇಡವೇ ಬೇಡ. ಕೆಳಗಿನ ಮನೆಯಲ್ಲಿ ಯಾರಾದರೂ ಬಟ್ಟೆ ಒಣಹಾಕುತ್ತಿದ್ದರೆ ಅವರಿಗೆ ಕೇಳಿ: "ನೀರು ಎಷ್ಟ ದಿನಕ್ಕೊಮ್ಮೆ ಬರ್ತೈತ್ರಿ? ಬೋರ್ ಐತೇನ್ರಿ?" ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದೆ, ಹುಬ್ಬಳ್ಳಿಯ ಕೆಲವು ಭಾಗಕ್ಕೆ ನೀರಸಾಗರ ಕೆರೆಯಿಂದಲೂ ಬಂದಿದೆ. ಆದರೆ ಎಲ್ಲ ಓಣಿಗೂ ಒಂದೇ ಲೆಕ್ಕ ಇಲ್ಲ. ಕೆಲವು ವಾರ್ಡಿನಲ್ಲಿ ದಿನವಿಡೀ ನಳಾ ಬರುತ್ತದೆ, ಕೆಲವು ಕಡೆ ದಿನಗಟ್ಟಲೆ ಕಾಯಬೇಕು. ನಾನು ಮೊದಲು ನೋಡಿದ ಮನೆ ಬಹಳ ಚೆಂದ ಇತ್ತು, ಆದರೆ ಎಂಟು ದಿನಕ್ಕೊಮ್ಮೆ ನೀರು, ಅದೂ ಮಧ್ಯಾಹ್ನ, ಅದೂ ಮನೆಯಲ್ಲಿ ಯಾರಾದರೂ ಇದ್ದು ಮೋಟರ್ ಹಾಕಿದರೆ ಮಾತ್ರ ಟಾಕಿ ತುಂಬುವುದು. ಆಫೀಸಿಗೆ ಹೋಗುವ ಒಂಟಿ ಜೀವಕ್ಕೆ ಅದು ಆಗುವ ಮಾತಲ್ಲ. ಕೆಳಗೆ ಎಲ್ಲರಿಗೂ ಸೇರಿ ಒಂದೇ ಸಂಪ್ ಇದ್ದು, ಮೋಟರ್ ಹಾಕಲು ಒಬ್ಬರು ಅಂತ ಇದ್ದರೆ ಆ ಮನೆ ಹಿಡಿಯಿರಿ. ಬಾಡಿಗೆ ಒಂದು ಸಾವಿರ ಜಾಸ್ತಿ ಆದರೂ ಸರಿ.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ. ಒಂದು ವರ್ಷ ದಾಟಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದನ್ನು ತಪ್ಪಿಸಲಿಕ್ಕೆ ಈ 11. ಅದರಲ್ಲಿ ಡಿಪಾಸಿಟ್ ಎಷ್ಟು ಅನ್ನುವುದರ ಜೊತೆಗೆ, ಬಿಡುವಾಗ ಬಣ್ಣಕ್ಕೆ ಅಂತ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನೂ ಬರೆಸಿ. ಸಾಮಾನು ಇಡುವ ಮುಂಚೆ ಪ್ರತಿ ಗೋಡೆ, ನಳ, ಸಿಂಕು, ಒಡೆದ ಟೈಲ್ಸು, ಎಲ್ಲದರ ಫೋಟೋ ತೆಗೆದು ಅವತ್ತೇ ಓನರಿಗೆ ವಾಟ್ಸಾಪ್ ಮಾಡಿ. ಜಗಳ ಮಾಡಲಿಕ್ಕೆ ಅಲ್ಲ. ಮೂರು ವರ್ಷ ಆದಮೇಲೆ ಇಬ್ಬರಿಗೂ ನೆನಪಿರುವುದಿಲ್ಲ, ಅಷ್ಟೇ.

ಕರೆಂಟಿನದೂ ಅವತ್ತೇ ಮುಗಿಸಿ. ಮೀಟರ್ ರೀಡಿಂಗಿನ ಫೋಟೋ ತೆಗೆದುಕೊಳ್ಳಿ. ಹಳೆಯ ಹೆಸ್ಕಾಂ ಬಿಲ್ಲಿನಿಂದ ಆರ್‌ಆರ್ ನಂಬರ್, ಅಂದರೆ ಆ ಮನೆಯ ಕರೆಂಟ್ ಕನೆಕ್ಷನ್ನಿನ ನಂಬರ್, ಬರೆದುಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ನಿಮಗಿಂತ ಮೊದಲು ಇದ್ದವರ ಆಧಾರ್ ಆ ಆರ್‌ಆರ್ ನಂಬರಿಗೆ ಜೋಡಣೆ ಆಗಿದ್ದರೆ, ಅದನ್ನು ಬಿಡಿಸಿದ ಮೇಲೆಯೇ ಸೇವಾ ಸಿಂಧುವಿನಲ್ಲಿ ನಿಮ್ಮದು ಸೇರುವುದು. ಹಳಬರ ಫೋನ್ ನಂಬರ್ ಓನರ್ ಹತ್ತಿರ ಇಸಿದುಕೊಂಡಿರಿ. ಕರೆಂಟು ಹೋದರೆ ದೂರು ಕೊಡಲು 1912.

ಕೀಲಿಕೈ

ಮಂಚ ಬರುವ ಮುಂಚೆ ಕೀಲಿಕೈ ಮಾಡಿಸಿ. ಮೂರು. ಒಂದು ನಿಮ್ಮ ಹತ್ತಿರ, ಒಂದು ಆಫೀಸಿನ ಡ್ರಾಯರಿನಲ್ಲಿ, ಒಂದು ನೆರೆಮನೆಯಲ್ಲಿ. ಓನರ್ ಹತ್ತಿರ ಒಂದು ಇದ್ದೇ ಇರುತ್ತದೆ, ಆದರೆ ಅವರು ಊರಲ್ಲಿ ಇರುತ್ತಾರೆ ಅಂತ ಏನು ಗ್ಯಾರಂಟಿ? ನಾನು ಸಿಕ್ಕಿಹಾಕಿಕೊಂಡ ದಿನ ಅವರು ಇದ್ದರು, ಅದು ನನ್ನ ಪುಣ್ಯ.

ಯಾವ ನೆರೆಮನೆ? ಜಾಸ್ತಿ ಮಾತಾಡುವವರ ಮನೆ ಅಂತಲ್ಲ. ಹಗಲು ಹೊತ್ತು ಮನೆಯಲ್ಲಿ ಇರುವವರು. ವಯಸ್ಸಾದ ಗಂಡ-ಹೆಂಡತಿ, ಚಿಕ್ಕ ಮಕ್ಕಳ ತಾಯಿ, ನಿವೃತ್ತಿ ಆದ ಮಾಸ್ತರು, ಹೀಗೆ. ಮೊದಲ ವಾರದಲ್ಲೇ ಹೋಗಿ. ಬರಿಗೈಲಿ ಹೋಗಬೇಡಿ, ಕಾಲು ಕೆಜಿ ಪೇಡೆ ಸಾಕು. ಕೂತು ಚಹಾ ಕುಡಿದು ನೇರವಾಗಿ ಹೇಳಿ: "ಕಾಕು, ನಾನು ಒಬ್ಬಾಕಿನ ಇರ್ತೀನ್ರಿ. ಒಂದು ಕೀಲಿಕೈ ನಿಮ್ಮ ಹತ್ರ ಇಡ್ಲೇನ್ರಿ?" ನಮ್ಮ ಕಡೆ ಇದಕ್ಕೆ ಬೇಡ ಅಂದವರನ್ನು ನಾನು ಕಂಡಿಲ್ಲ.

ಒಬ್ಬರೇ ಇರುವುದನ್ನು ಯಾರಿಗೂ ಹೇಳಬಾರದು ಅಂತ ಕೆಲವರು ಬುದ್ಧಿ ಹೇಳುತ್ತಾರೆ. ಪಾರ್ಸಲ್ ತರುವವರಿಗೆ, ರಿಪೇರಿಗೆ ಬಂದವರಿಗೆ ಹೇಳಬೇಡಿ, ಅದು ಸರಿ. ರಿಪೇರಿಯವರು ಬರುವಾಗ ಬಾಗಿಲು ಪೂರ್ತಿ ತೆರೆದಿಟ್ಟು ಕಾಕುವಿಗೆ ಒಂದು ಕೂಗು ಹಾಕಿ. ಆದರೆ ಎದುರು ಮನೆಯವರಿಗೂ ಮುಚ್ಚಿಡುವುದು ತಪ್ಪು. ಕಷ್ಟ ಬಂದಾಗ ಮೊದಲು ಓಡಿ ಬರುವವರು ಅವರು.

ಇನ್ನೊಂದು ಮಾತು ಗೊತ್ತು ಮಾಡಿಕೊಳ್ಳಿ. ನನ್ನ ಹಾಲಿನ ಪಾಕೀಟು ಬೆಳಿಗ್ಗೆ ಆರಕ್ಕೆ ಬಾಗಿಲ ಹಿಡಿಕೆಗೆ ಕಟ್ಟಿದ ಚೀಲಕ್ಕೆ ಬೀಳುತ್ತದೆ. ಒಂಬತ್ತು ಗಂಟೆ ಆದರೂ ಅದು ಅಲ್ಲೇ ಇದ್ದರೆ ಕಾಕು ಬಾಗಿಲು ಬಡಿಯುತ್ತಾರೆ. ಇದು ನಮ್ಮಿಬ್ಬರ ಕರಾರು. ನಿಮ್ಮಲ್ಲಿ ಹಾಲು ಇಲ್ಲದಿದ್ದರೆ ಪೇಪರ್ ಇಟ್ಟುಕೊಳ್ಳಿ, ಇಲ್ಲವಾದರೆ ಊರಲ್ಲಿರುವ ಅವ್ವನಿಗೆ ಏಳು ಗಂಟೆಗೆ ಒಂದು ಮೆಸೇಜ್.

ಒಂದು ಹಾಳೆಯಲ್ಲಿ ಮನೆಯವರ ನಂಬರು, ಕಾಕು ನಂಬರು, ಓನರ್ ನಂಬರು, ನಿಮ್ಮ ರಕ್ತದ ಗುಂಪು, ದಿನಾ ತಗೊಳ್ಳುವ ಗುಳಿಗೆ ಇದ್ದರೆ ಅದರ ಹೆಸರು ಬರೆದು ಫ್ರಿಜ್ಜಿಗೆ ಅಂಟಿಸಿ. ಜೊತೆಗೆ 112 ಮತ್ತು 108. ನಿಮ್ಮ ಫೋನಿಗೆ ಲಾಕ್ ಇರುತ್ತದೆ, ಈ ಹಾಳೆಗೆ ಲಾಕ್ ಇಲ್ಲ.

ಗ್ಯಾಸ್ ಮತ್ತು ನೀರು

ಊರಿನ ಕನೆಕ್ಷನ್ ವರ್ಗ ಆಗುವ ತನಕ 5 ಕೆಜಿಯ ಸಣ್ಣ ಸಿಲಿಂಡರ್ ತಗೊಳ್ಳಿ, ಅದಕ್ಕೆ ವಿಳಾಸದ ದಾಖಲೆ ಕೇಳುವುದಿಲ್ಲ, ಗುರುತಿನ ಚೀಟಿ ಸಾಕು. ಹಿಂದಿನವರು ಬಿಟ್ಟುಹೋದ ಪೈಪು ಮಾತ್ರ ಬಳಸಬೇಡಿ. ಹೊಸದು ಹಾಕಿಸಿ, ಐದು ವರ್ಷಕ್ಕೊಮ್ಮೆ ಬದಲಿಸಿ. ರಾತ್ರಿ ಮಲಗುವಾಗ, ಹೊರಗೆ ಹೋಗುವಾಗ ರೆಗ್ಯುಲೇಟರ್ ಬಂದ್. ಒಲೆ ಉರಿಯುವಾಗ ಹೊಸ್ತಿಲು ದಾಟಬೇಡಿ, ಎರಡು ನಿಮಿಷಕ್ಕೂ ಬೇಡ.

ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ, ಎರಡರಲ್ಲೂ ಕಿಡಿ ಬರುತ್ತದೆ. ಕಾಕು ಮೇನ್ ತೆಗೆಸಿದ್ದು ಕೆಳಗಿನ ಮೀಟರ್ ರೂಮಿನಲ್ಲಿ, ವಾಸನೆಯಿಂದ ದೂರ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಸೇರಿಕೊಳ್ಳುತ್ತದೆ. ಅದಕ್ಕೆ ಕಿಟಕಿಯ ಜೊತೆ ಬಾಗಿಲನ್ನೂ ತೆರೆಯಬೇಕು. ರೆಗ್ಯುಲೇಟರ್ ಬಂದ್ ಮಾಡಿ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ನೀರಿನ ವಿಷಯದಲ್ಲಿ ಒಂದೇ ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ನೀರು ಎಷ್ಟೋ ದಿನ ಬಿಟ್ಟು ಬರುತ್ತದೆ ಅಂತ ನಾವು ಡ್ರಮ್ಮು, ಕೊಡ, ಬಕೆಟ್ ಎಲ್ಲ ತುಂಬಿಡುತ್ತೇವೆ. ಒಬ್ಬರಿಗೆ ಅಷ್ಟು ನೀರು ಮುಗಿಯುವುದಿಲ್ಲ, ಉಳಿಯುತ್ತದೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಿನಲ್ಲೇ, ಸುಮಾರು ಎಂಟು-ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ನೀರು ಬರುವ ಸರದಿಗೂ ಸೊಳ್ಳೆ ಬೆಳೆಯುವ ಸರದಿಗೂ ಹೆಚ್ಚು ಕಡಿಮೆ ಒಂದೇ ಲೆಕ್ಕ. ಅದಕ್ಕೆ ಹೊಸ ನೀರು ಬಂದಾಗ ಹಳೆಯದರ ಮೇಲೆ ತುಂಬಿಸಬೇಡಿ. ಹಳೆ ನೀರಲ್ಲಿ ನೆಲ ಒರೆಸಿ, ಬಾತ್‌ರೂಮ್ ತೊಳೆಯಿರಿ. ಡ್ರಮ್ಮಿನ ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿ, ಮೊಟ್ಟೆ ಗೋಡೆಗೆ ಅಂಟಿರುತ್ತದೆ. ಆಮೇಲೆ ತುಂಬಿಸಿ ಮುಚ್ಚಳ ಹಾಕಿ.

ಊಟ

ಹೊಸದಾಗಿ ಬಂದವರು ಎರಡು ತಪ್ಪು ಮಾಡುತ್ತಾರೆ. ಕೆಲವರು ಮೂರೂ ಹೊತ್ತು ಅಡುಗೆ ಮಾಡುತ್ತೇನೆ ಅಂತ ಹೊರಟು ಹದಿನೈದು ದಿನಕ್ಕೆ ಸುಸ್ತಾಗುತ್ತಾರೆ. ಇನ್ನು ಕೆಲವರು ದಿನಾ ಹೊರಗೆ ತರಿಸಿ ತಿಂದು ಹೊಟ್ಟೆನೂ ಕಿಸೆನೂ ಕೆಡಿಸಿಕೊಳ್ಳುತ್ತಾರೆ. ನಮ್ಮ ಊರಲ್ಲಿ ನಡುವಿನ ದಾರಿ ಚೆನ್ನಾಗಿದೆ: ಮಧ್ಯಾಹ್ನ ಖಾನಾವಳಿ, ರಾತ್ರಿ ಮನೆ. ಹುಬ್ಬಳ್ಳಿ-ಧಾರವಾಡದ ಖಾನಾವಳಿಯಲ್ಲಿ ರೊಟ್ಟಿ, ಕಾಳಿನ ಪಲ್ಲೆ, ಸೊಪ್ಪು, ಚಟ್ನಿ, ಮೊಸರು, ಅನ್ನ ಸಾರು ಸಿಗುತ್ತದೆ. ಒಬ್ಬರಿಗೆ ಅಂತ ಇಷ್ಟು ಬಗೆ ಮನೆಯಲ್ಲಿ ಮಾಡಲು ಆಗುವುದೇ ಇಲ್ಲ. ತಿಂಗಳ ಲೆಕ್ಕಕ್ಕೆ ಕೊಡುವ ಕಡೆ ಹಿಡಿಯಿರಿ. ಅಲ್ಲಿ ನಿಮ್ಮಂಥವರೇ ನಾಲ್ಕು ಜನ ಪರಿಚಯ ಆಗುತ್ತಾರೆ, ಅದೂ ಬೇಕು.

ರಾತ್ರಿಗೆ ಮನೆಯಲ್ಲಿ ಇವಿಷ್ಟು ಇರಲಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಮೊಸರು, ಉಳ್ಳಾಗಡ್ಡಿ. ರೊಟ್ಟಿ ಮಾಡಿ ಮಾರುವ ಮನೆಗಳು ಹೆಚ್ಚು ಕಡಿಮೆ ಪ್ರತಿ ಬಡಾವಣೆಯಲ್ಲೂ ಇವೆ. ಖಡಕ್ ರೊಟ್ಟಿ ಒಂದು ಇಪ್ಪತ್ತು ತಂದರೆ ತೇವ ತಾಗದ ಡಬ್ಬಿಯಲ್ಲಿ ಎರಡು ವಾರ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಅರ್ಧ ನಿಮಿಷ ಇಡಿ. ಎರಡೂವರೆ ತಾಸು ಓವರ್‌ಟೈಮ್ ಮಾಡಿ ಬಂದ ರಾತ್ರಿ, ಏನೂ ಬೇಡ ಅಂತ ಹಾಗೇ ಮಲಗಬೇಕು ಅನಿಸಿದಾಗ, ಈ ಡಬ್ಬಿ ತೆರೆದರೆ ಸಾಕು, ಊಟ ಆಗಿಹೋಗುತ್ತದೆ.

ಬಿಸಿ ಬೇಕು ಅನಿಸಿದ ದಿನ ಜುಣಕ ಮಾಡಿ. ಅರ್ಧ ಬಟ್ಟಲು ಕಡಲೆಹಿಟ್ಟಿಗೆ ಒಂದು ಬಟ್ಟಲು ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿಟ್ಟುಕೊಳ್ಳಿ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ, ಅರಿಶಿನ, ಉಪ್ಪು. ಉಳ್ಳಾಗಡ್ಡಿ ಬಾಡಿದ ಮೇಲೆ ಹಿಟ್ಟು ಸುರಿದು ಕೈ ಬಿಡದೆ ತಿರುವಿ. ಬಿಗಿಯಾದ ಕೂಡಲೇ ಉರಿ ಸಣ್ಣಗೆ ಮಾಡಿ ಮುಚ್ಚಿ, ಐದು ನಿಮಿಷ. ಹಸಿ ವಾಸನೆ ಹೋಗಿ ತಳ ಬಿಡಲು ಶುರುವಾದರೆ ಆಯಿತು. ಒಟ್ಟು ಹದಿನೈದು ನಿಮಿಷ, ಒಂದೇ ಪಾತ್ರೆ.

ಕುಕ್ಕರ್ ಎರಡು ಲೀಟರಿನದು ಸಾಕು, ಮನೆಯಿಂದ ಐದು ಲೀಟರಿನದು ತರಬೇಡಿ. ದೊಡ್ಡ ಪಾತ್ರೆ ಇದ್ದರೆ ಕೈ ತಾನಾಗಿ ಜಾಸ್ತಿ ಹಾಕುತ್ತದೆ. ಕಾಯಿಪಲ್ಲೆ ಪಾವ್ ಕಿಲೋ ಲೆಕ್ಕದಲ್ಲಿ ಎರಡೇ ಬಗೆ ತನ್ನಿ. ಸೊಪ್ಪು ತಂದ ದಿನವೇ ಮುಗಿಸಿ. ಹಕ್ಕರಕಿ, ಮೆಂತ್ಯ ಆದರೆ ತೊಳೆದು ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನಬಹುದು, ಒಲೆ ಹಚ್ಚುವುದೇ ಬೇಡ. ರವಿವಾರ ಹೆಸರುಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಂಗಳವಾರಕ್ಕೆ ಮೊಳಕೆ ರೆಡಿ.

ಮತ್ತೆ, ನಿಂತುಕೊಂಡು ತಿನ್ನಬೇಡಿ. ಒಬ್ಬರೇ ಇದ್ದಾಗ ಬಾಣಲೆಯಿಂದಲೇ ತಿನ್ನುವ ಅಭ್ಯಾಸ ಬರುತ್ತದೆ, ನನಗೂ ಬಂದಿತ್ತು. ತಟ್ಟೆಗೆ ಹಾಕಿಕೊಂಡು ಕೂತು ಉಣ್ಣಿರಿ.

ಸಂಜೆ

ಮೊದಲ ಆರು ತಿಂಗಳು ರವಿವಾರ ಸಂಜೆ ಬಹಳ ಕಷ್ಟ. ಎಲ್ಲರ ಮನೆಯಿಂದ ಮಾತು ಕೇಳಿಸುತ್ತದೆ, ಕುಕ್ಕರ್ ಸೀಟಿ ಕೇಳಿಸುತ್ತದೆ, ನಮ್ಮ ಮನೆಯಲ್ಲಿ ಫ್ಯಾನಿನ ಸದ್ದು ಒಂದೇ. ಇದು ನಿಮ್ಮಲ್ಲಿರುವ ಕೊರತೆ ಅಲ್ಲ. ತುಂಬಿದ ಮನೆಯಲ್ಲಿ ಬೆಳೆದವರಿಗೆ ಹಾಗೆ ಆಗುವುದು ಸಹಜ.

ಫೋನ್ ನೋಡಿ ಆ ಹೊತ್ತು ಕಳೆಯಬೇಡಿ, ಹೊರಗೆ ಹೋಗಿ. ಉಣಕಲ್ ಕೆರೆ ದಂಡೆ ಇದೆ, ನೃಪತುಂಗ ಬೆಟ್ಟ ಇದೆ, ಸಿದ್ಧಾರೂಢ ಮಠ ಇದೆ. ಮಠದ ಅಂಗಳದಲ್ಲಿ ಸುಮ್ನೆ ಒಂದು ತಾಸು ಕೂತರೂ ಯಾರೂ ಯಾಕೆ ಕೂತಿರಿ ಅಂತ ಕೇಳುವುದಿಲ್ಲ. ದುರ್ಗದಬೈಲಿನಲ್ಲಿ ಗಿರ್ಮಿಟ್ಟು ಮಿರ್ಚಿ ತಿಂದು ಜನರ ನಡುವೆ ಓಡಾಡಿ ಬನ್ನಿ. ಚಿಗರಿ ಬಸ್ಸು ಹತ್ತಿದರೆ ಧಾರವಾಡ. ಅಲ್ಲಿನ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, 1890ರಲ್ಲಿ ಶುರುವಾದ ಸಂಸ್ಥೆ ಅದು, ಸಂಜೆ ಹೊತ್ತು ಭಾಷಣ, ನಾಟಕ, ಪುಸ್ತಕ ಬಿಡುಗಡೆ ಇರುತ್ತವೆ. ಹಿಂದಿನ ಸಾಲಲ್ಲಿ ಕೂತು ಕೇಳಿ ಬರಬಹುದು. ಮುಖ್ಯ ಏನೆಂದರೆ ವಾರಕ್ಕೆ ಒಂದು ಹೊತ್ತು, ಒಂದು ಜಾಗ ಅಂತ ಗೊತ್ತು ಮಾಡಿಕೊಳ್ಳುವುದು. ಪ್ರತಿ ಗುರುವಾರ ಅದೇ ಜಾಗಕ್ಕೆ ಹೋದರೆ ಎರಡು ತಿಂಗಳಿಗೆ ಮುಖಗಳು ಗುರುತಾಗುತ್ತವೆ, ಒಂದು ದಿನ ಹೋಗದಿದ್ದರೆ "ಹೋದ ವಾರ ಕಾಣ್ಲಿಲ್ಲಲ್ರೀ?" ಅಂತ ಕೇಳುವವರು ಹುಟ್ಟಿಕೊಳ್ಳುತ್ತಾರೆ.

ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಯಾರ ಜೊತೆಗೂ ಮಾತು ಬೇಡ ಅನಿಸುತ್ತಿದ್ದರೆ ಅದು ಬರೀ ಬೇಜಾರಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಹೋಗಿ ಬನ್ನಿ.

ಜ್ವರ ಬಂದಾಗ

ಹೋದ ಮಳೆಗಾಲದಲ್ಲಿ ನನಗೆ ರಾತ್ರಿ ಜ್ವರ ಏರಿತು. ಬೆಳಿಗ್ಗೆ ಎದ್ದು ಬಾಗಿಲ ತನಕ ಹೋಗುವ ಶಕ್ತಿ ಇರಲಿಲ್ಲ. ಫೋನ್ ಚಾರ್ಜ್ ಇಲ್ಲದೆ ಆಫ್ ಆಗಿತ್ತು. ಒಂಬತ್ತು ದಾಟಿದ ಮೇಲೆ ಬಾಗಿಲು ಬಡಿದ ಸದ್ದು, ಆಮೇಲೆ ಕೀಲಿಕೈ ತಿರುಗಿದ ಸದ್ದು. ಕಾಕು ಹಾಲಿನ ಪಾಕೀಟು ಹಿಡಿದು ಒಳಗೆ ಬಂದು ಹಣೆ ಮುಟ್ಟಿ ನೋಡಿ, ಏನೂ ಮಾತಾಡದೆ ವಾಪಸ್ ಹೋದರು. ಸ್ವಲ್ಪ ಹೊತ್ತಿಗೆ ಸ್ಟೀಲ್ ಡಬ್ಬಿಯಲ್ಲಿ ಜೋಳದ ನುಚ್ಚು, ಮೇಲೆ ಮಜ್ಜಿಗೆ, ಬದಿಗೆ ಉಪ್ಪಿನಕಾಯಿ. "ಎದ್ದು ಎರಡ ತುತ್ತ ಉಣ್ಣವ್ವಾ, ಆಮ್ಯಾಲ ದವಾಖಾನಿಗೆ ಹೋಗೂಣಂತ."

ನೀವು ಒಂದು ಡಬ್ಬಿ ಈಗಲೇ ಮಾಡಿಡಿ. ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್ ಪುಡಿ ನಾಲ್ಕು, ಬ್ಯಾಂಡೇಜು. ಜೊತೆಗೆ ಸಾವಿರ ರೂಪಾಯಿ ನಗದು. ಇದು ಹಾಸಿಗೆ ಪಕ್ಕ ಇರಲಿ, ಬೀರುವಿನ ಮೇಲೆ ಅಲ್ಲ. ಓಆರ್‌ಎಸ್ ಮುಗಿದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗೋಪುರದ ಹಾಗೆ ತುಂಬಬೇಡಿ.

ಮಳೆಗಾಲದ ಜ್ವರಕ್ಕೆ ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ನುಂಗಬೇಡಿ. ಡೆಂಗಿ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಇಳಿಯಿತು ಅಂತ ಮೈಮರೆಯಬೇಡಿ, ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹುಷಾರಾಗಿರಬೇಕಾದ ಹೊತ್ತು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಇದರಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ದರೆ 108. ಜ್ವರ ಬಂದ ಮೊದಲ ತಾಸಿನಲ್ಲೇ ಮನೆಗೆ ಹೇಳಿ. ಅವ್ವ ಗಾಬರಿ ಆಗುತ್ತಾಳೆ ಅಂತ ಮುಚ್ಚಿಟ್ಟರೆ, ಆಮೇಲೆ ತಿಳಿದಾಗ ಆಗುವ ಗಾಬರಿ ಜಾಸ್ತಿ.

ಊರಿಗೆ ಹೋಗುವಾಗ

ಪಂಚಮಿಗೆ, ದೀಪಾವಳಿಗೆ ಊರಿಗೆ ಹೋಗೇ ಹೋಗುತ್ತೀರಿ ಅಲ್ವಾ. ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ಕೆಡುವುದನ್ನೆಲ್ಲ ಖಾಲಿ ಮಾಡಿ. ಹಾಲು ಬೇಡ ಅಂತ ಹಾಕುವವರಿಗೆ ಹೇಳಿ, ಇಲ್ಲದಿದ್ದರೆ ಮೂರು ಪಾಕೀಟು ಬಾಗಿಲಿಗೆ ತೂಗಿ ಮನೆಯಲ್ಲಿ ಯಾರೂ ಇಲ್ಲ ಅಂತ ಸಾರುತ್ತವೆ. ರೆಗ್ಯುಲೇಟರ್, ಗೀಸರ್, ಎಲ್ಲ ನಳ ಒಮ್ಮೆ ಮುಟ್ಟಿ ನೋಡಿ. ನಳದಲ್ಲಿ ನೀರಿಲ್ಲದಾಗ ತಿರುವಿ ಹಾಗೇ ಬಿಟ್ಟು ಹೋದರೆ, ನೀರು ಬಂದಾಗ ಕೆಳಗಿನ ಮನೆಯ ಸೂರು ಸೋರುತ್ತದೆ. ಡ್ರಮ್ಮು ಖಾಲಿ ಮಾಡಿ ಬೋರಲು ಹಾಕಿ. ಸ್ಟೇಟಸ್ ಹಾಕುವುದು ವಾಪಸ್ ಬಂದಮೇಲೆ. ಕಾಕುವಿಗೆ ಮಾತ್ರ ಯಾವತ್ತು ಬರುತ್ತೇನೆ ಅಂತ ಹೇಳಿ ಹೋಗಿ.

ನುಚ್ಚು ಬಂದಿತ್ತಲ್ಲ, ಆ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಊರಿಗೆ ಒಯ್ದಿದ್ದೆ. ಪಂಚಮಿ ಮುಗಿಸಿ ಬರುವಾಗ ಅವ್ವ ಅದರ ತುಂಬ ಶೇಂಗಾ ಉಂಡಿ, ಎಳ್ಳಿನ ಉಂಡಿ ಹಾಕಿ ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಟ್ಟಳು. ಬಸ್ಸು ಇಳಿದು ಮೆಟ್ಟಿಲು ಹತ್ತಿ ಬಂದವಳು ನನ್ನ ಕೀಲಿ ತೆರೆಯುವ ಮುಂಚೆ ಎದುರು ಮನೆ ಬಾಗಿಲು ಬಡಿದೆ.